ಉಳಿದ ಏಳು ಕೈ

ಮಾರಿಕುಪ್ಪಂ ಗಾಡಿಯ ಹೆಂಗಸರ ಬೋಗಿಯಲ್ಲಿ ಒಂದು ಪದ್ಧತಿ ಇದೆ. ಅಲ್ಲಿ ಇಬ್ಬಿಬ್ಬರು ಜೋಡಿ. ಒಬ್ಬಳ ಮಧ್ಯಾಹ್ನದ ಊಟವನ್ನು ಇನ್ನೊಬ್ಬಳು ಮನೆಯಿಂದ ಕಟ್ಟಿಕೊಂಡು ಬರುತ್ತಾಳೆ. ಗಾಡಿ ಮಾಲೂರು ದಾಟುವುದರೊಳಗೆ ಡಬ್ಬಿಗಳು ಕೈ ಬದಲಾಗಬೇಕು. ಆಮೇಲೆ ವೈಟ್‌ಫೀಲ್ಡಿನಲ್ಲಿ ಇಳಿದು ಒಬ್ಬೊಬ್ಬರು ಒಂದೊಂದು ಕಾರ್ಖಾನೆಯ ಬಸ್ಸು ಹತ್ತುತ್ತೇವೆ. ಯಾವಳಾದರೂ ಬಾರದಿದ್ದರೆ ಅವಳ ಜೋಡಿ ಉಪವಾಸವೇನೂ ಬೀಳುವುದಿಲ್ಲ. ತಾನು ಕಟ್ಟಿ ತಂದದ್ದನ್ನು ತಾನೇ ತಿನ್ನಬೇಕಾಗುತ್ತದೆ, ಅಷ್ಟೆ. ಆದರೆ ಅದಕ್ಕಿಂತ ಉಪವಾಸವೇ ವಾಸಿ. "ಏನೇ, ನಿನ್ ಜೋಡಿ ಕೈ ಕೊಟ್ಳಾ?" ಎಂದು ದಾರಿಯುದ್ದಕ್ಕೂ ಗೇಲಿ ನಡೆಯುತ್ತದೆ.

ಈ ಪದ್ಧತಿ ತಂದವರು ಊರಿಗಾಂ ಅಕ್ಕ. ಬೋಗಿಯಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ನಾನೂ ಬೇರೆ ಹೆಸರು ಬರೆಯುವುದಿಲ್ಲ. ಅವರು ತೀರಿಕೊಂಡು ಇಂದಿಗೆ ಒಂದು ತಿಂಗಳು. ಹಿಂದಿನ ದಿನಚರಿಗಳನ್ನು ತೆಗೆದು ಅವರು ಬಂದಿರುವ ಪುಟಗಳ ಮೂಲೆಗಳನ್ನೆಲ್ಲ ಮಡಚಿಟ್ಟಿದ್ದೇನೆ. ಪುಸ್ತಕಗಳು ಈಗ ಮುಚ್ಚುವುದೇ ಇಲ್ಲ.

ದಿನಚರಿ ನನ್ನ ಹಳೆಯ ಅಭ್ಯಾಸ. ಗಾಡಿ ಎಷ್ಟು ತಡವಾಯಿತು, ಕೂರಲು ಜಾಗ ಸಿಕ್ಕಿತೋ ಇಲ್ಲವೋ, ಡಬ್ಬಿಯಲ್ಲಿ ಏನಿತ್ತು ಎಂದು ಬರೆದು, ತಿಂಗಳ ಕೊನೆಗೆ ಗೀಟು ಎಳೆದು ಕೂಡಿಸುತ್ತೇನೆ. ಅಕ್ಕನಿಗೆ ಇದು ದೊಡ್ಡ ತಮಾಷೆ. "ಏನೇ ಲೆಕ್ಕದಮ್ಮ, ನಿನ್ನೆ ನಾನು ಎಷ್ಟ್ ಸಲ ಕೆಮ್ಮಿದೆ, ಬರ್ಕೊಂಡ್ಯಾ?" ಎನ್ನುತ್ತಿದ್ದರು.

ನಾನು ಬಂಗಾರಪೇಟೆಯ ಪಕ್ಕದ ಹಳ್ಳಿಯವಳು. ನಮ್ಮದು ಎರಡು ಸೀಮೆಹಸು, ಒಂದಿಷ್ಟು ರಾಗಿ, ತರಕಾರಿ ಬೆಳೆಯುವ ಮನೆ. ಡಿಗ್ರಿ ಮುಗಿಸಿ ವೈಟ್‌ಫೀಲ್ಡಿನ ಬಳಿ ಒಂದು ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸುವ ಕೆಲಸಕ್ಕೆ ಸೇರಿದೆ. ನಮ್ಮ ಮನೆಯಲ್ಲಿ ತಿಂಗಳ ಸಂಬಳ ತಂದ ಮೊದಲ ಹೆಣ್ಣು ನಾನೇ. ಮೊದಲ ದಿನ ಬೋಗಿಗೆ ಹತ್ತಿದಾಗ ಬಾಗಿಲ ಪಕ್ಕ, ನೆಲದ ಮೇಲೆ, ಕಾಲು ಚಾಚಿಕೊಂಡು ಒಬ್ಬ ಹೆಂಗಸು ಕುಳಿತಿದ್ದರು. ಐವತ್ತು ದಾಟಿದ ವಯಸ್ಸು, ಗಿಡ್ಡ ಆಳು, ಬಿಗಿಯಾದ ತುರುಬು. ನನ್ನ ದುಪಟ್ಟಾದ ತುದಿ ಹಿಡಿದು ಎಳೆದರು.

"ಒಸಬಳಾ? ಎಲ್ಲಿ ಕೆಲ್ಸ? ಜೋಡಿ ಯಾರು?"

ಜೋಡಿ ಯಾರೂ ಇಲ್ಲ ಎಂದೆ. ಸುತ್ತಲಿನ ಹೆಂಗಸರು ನಗತೊಡಗಿದರು. "ಪಾಪ, ಅಕ್ಕನ ಜೋಡಿ ಮೊನ್ನೆ ತಾನೆ ಮದ್ವೆಯಾಗಿ ಓದ್ಲು. ಸಿಕ್ಕಾಕ್ಕೊಂಡ್ಲು ಈ ಮಗಾ," ಎಂದಳು ಒಬ್ಬಳು.

ಅವರೇಕೆ ನಕ್ಕರೆಂದು ಮರುದಿನ ಮಧ್ಯಾಹ್ನ ಗೊತ್ತಾಯಿತು. ಅಕ್ಕನ ಡಬ್ಬಿಯ ಸಾರಿನ ಖಾರ ಕಣ್ಣಲ್ಲಿ ನೀರು ತರಿಸಿತು, ಉಪ್ಪು ಮಾತ್ರ ಇರಲಿಲ್ಲ. ಮೊದಲ ತಿಂಗಳ ಪುಟದಲ್ಲಿ 'ಉಪ್ಪಿಲ್ಲ' ಎಂದು ಬರೆದು ಬರೆದು ಸಾಕಾಗಿ, ಕೊನೆಗೆ ಬರೀ 'ಉ' ಎಂದು ಹಾಕಿದ್ದೇನೆ.

ಅಕ್ಕನ ಕೈಗೆ ಅಡುಗೆ ಹತ್ತದಿರುವುದಕ್ಕೆ ಕಾರಣವಿತ್ತು. ಅವರ ಗಂಡ ಊರಿಗಾಂನಲ್ಲಿ ಚಿನ್ನದ ಗಣಿ ಕೆಲಸಗಾರರಾಗಿದ್ದವರು. ಎರಡು ಸಾವಿರದ ಒಂದರಲ್ಲಿ ಗಣಿ ಮುಚ್ಚಿತು. ಗಣಿಯವರು ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿಕೊಟ್ಟಿದ್ದ ಲೈನು ಮನೆಗಳ ಗಂಡಸರೆಲ್ಲ, ರಟ್ಟೆಯಲ್ಲಿ ಬಲ ಇರುವಾಗಲೇ, ಬಾಗಿಲ ಮುಂದೆ ಕುಳಿತರು. ಅಕ್ಕನ ಗಂಡ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ಗಣಿಯ ಸೈರನ್ ಮತ್ತೆ ಕೂಗುತ್ತದೆ ಎಂದು ಕಾಯುತ್ತಿದ್ದರಂತೆ.

"ಯಾರೂ ಆ ಮನ್ಸನ್ನ ಏನೂ ಕೇಳ್ತಿರ್ಲಿಲ್ಲ ಕಣ್ಣು," ಎಂದು ಅಕ್ಕ ಒಮ್ಮೆ ಹೇಳಿದರು; ಮುದ್ದಿಗೆ ನನ್ನನ್ನು 'ಕಣ್ಣು' ಎನ್ನುತ್ತಿದ್ದರು. "ನೊಂದವ್ನೆ ಪಾಪ, ಅಂತ. ಅಂಗೇ ಎರಡ್ ವರ್ಸ ಕುಂತ. ಒಂದಿನ ನಾನೇ ಕೇಳ್ದೆ: ನಾನು ಗಾಡಿಗೆ ಓಗ್ತೀನಿ, ನೀನು ಒಲೆ ನೋಡ್ಕೊತೀಯಾ? ಒಂದ್ ಗಳಿಗೆ ನನ್ ಮುಖಾನೇ ನೋಡ್ದ. ಆಮೇಲೆ ಏನ್ ಕೇಳ್ದ ಗೊತ್ತಾ? ಉಪ್ಪು ಯಾವ್ ಡಬ್ಬೀಲಿ ಐತೆ, ಅಂದ."

ಅಂದಿನಿಂದ ಅಕ್ಕ ಗಾರ್ಮೆಂಟ್ಸ್‌ನ ಇಸ್ತ್ರಿ ವಿಭಾಗಕ್ಕೆ, ಅವರ ಗಂಡ ಒಲೆಗೆ. ಮಕ್ಕಳನ್ನು ಸಾಕಿದ್ದೂ ಗಂಡನೇ. ಗಣಿಯೊಳಗೆ ಅವರೂ ಅವರ ಜೊತೆಗಾರನೂ ಡಬ್ಬಿ ಬದಲಾಯಿಸಿಕೊಳ್ಳುತ್ತಿದ್ದರಂತೆ. ನನ್ನ ಊಟ ನಿನ್ನ ಕೈಯಲ್ಲಿ, ನಿನ್ನದು ನನ್ನ ಕೈಯಲ್ಲಿ, ಒಬ್ಬನನ್ನು ಬಿಟ್ಟು ಇನ್ನೊಬ್ಬ ಮೇಲಕ್ಕೆ ಬರುವಂತಿಲ್ಲ. ಅದನ್ನೇ ಅಕ್ಕ ಬೋಗಿಗೆ ತಂದರು. ಗಂಡ ಅಡುಗೆ ಮಾಡುತ್ತಿದ್ದ ಆ ಕಾಲದಲ್ಲಿ ಅಕ್ಕನ ಡಬ್ಬಿಗಾಗಿ ಜಗಳವಾಗುತ್ತಿತ್ತು ಎಂದು ಹಳಬರು ಹೇಳುತ್ತಾರೆ. ಗಂಡ ತೀರಿಕೊಂಡ ಮೇಲೆ ಅಕ್ಕ ಐವತ್ತರ ವಯಸ್ಸಿನಲ್ಲಿ, ಕೈ ಮರೆತಿದ್ದ ಅಡುಗೆಯನ್ನು ಮತ್ತೆ ಕಲಿಯಲು ಹೊರಟರು, ಕಲಿಯಲೇ ಇಲ್ಲ. ನನ್ನ ಪಾಲಿಗೆ ಬಂದದ್ದು ಈ ಎರಡನೆಯ ಕಾಲ.

ದಿನವೆಲ್ಲ ಇಸ್ತ್ರಿ ಹಿಡಿದು ನಿಲ್ಲುವ ಕೆಲಸದಿಂದ ಅವರಿಗೊಂದು ಅಭ್ಯಾಸ ಅಂಟಿಕೊಂಡಿತ್ತು. ಮಾತಾಡುತ್ತ ಮಾತಾಡುತ್ತ ಪಕ್ಕದವಳ ಸೆರಗನ್ನು ತೊಡೆಯ ಮೇಲೆ ಹರಡಿ, ಅಂಗೈಯಿಂದ ಒತ್ತಿ ಒತ್ತಿ ಸುಕ್ಕು ತೆಗೆಯುತ್ತಿದ್ದರು. ಒಂದು ಸೋಮವಾರ ನಾನು ಪತ್ರಿಕೆ ಓದಿ ಹೇಳುತ್ತಿದ್ದೆ. ದುಡಿಯುವ ವಯಸ್ಸಿನ ಜನರೇ ದೇಶದ ಸಂಪತ್ತು, ಅವರಿಂದಲೇ ಆರ್ಥಿಕತೆ ಬೆಳೆಯುತ್ತದೆ ಎಂದು ಯಾರೋ ಬರೆದಿದ್ದರು. ಅಕ್ಕ ನನ್ನ ದುಪಟ್ಟಾ ಒತ್ತುತ್ತಲೇ ಇದ್ದರು.

"ಸಂಪತ್ತಾ? ಸರಿ ಬುಡು. ನಮ್ ಕಾಲ್ ಕೆಳ್ಗೂ ಸಂಪತ್ತಿತ್ತು, ಚಿನ್ನ. ಈಗ್ಲೂ ಐತೆ ಅಂತಾರೆ. ಎತ್ತೋರಿಲ್ದಿದ್ರೆ ಅದು ಬರೀ ಕಲ್ಲು, ಕಣ್ಣು."

ಅವರು ಅದನ್ನು ದೊಡ್ಡ ಮಾತಾಗಿ ಹೇಳಲಿಲ್ಲ. ಹೇಳಿದವರೇ ಬಾಗಿಲಾಚೆ ತಲೆ ಹಾಕಿ, ಟೇಕಲ್ ಸ್ಟೇಷನ್ನಿನಲ್ಲಿ ಕಡಲೆಕಾಯಿ ಮಾರುವವನನ್ನು ಬೈಯತೊಡಗಿದರು.

ಡಬ್ಬಿಗಳು ಸಂಜೆ ವಾಪಸಾಗುತ್ತಿರಲಿಲ್ಲ, ಏಕೆಂದರೆ ಹಿಂತಿರುಗುವ ಗಾಡಿ ಒಬ್ಬೊಬ್ಬರಿಗೆ ಒಂದೊಂದು. ಅಕ್ಕ ಕೊಟ್ಟ ಡಬ್ಬಿ ನಮ್ಮ ಮನೆಗೆ ಬಂದು, ಅದರಲ್ಲೇ ಮರುದಿನ ನಾನು ಅವರಿಗೆ ಊಟ ತುಂಬಿಕೊಂಡು ಹೋಗುತ್ತಿದ್ದೆ. ಹೀಗೆ ಎರಡು ಡಬ್ಬಿಗಳೂ ಎರಡೂ ಮನೆಗಳಲ್ಲಿ ಸರದಿಯ ಮೇಲೆ ರಾತ್ರಿ ಕಳೆಯುತ್ತಿದ್ದವು. ಬೇರೆ ಜೋಡಿಗಳಲ್ಲಿ ಯಾವುದು ಯಾರದೆಂದು ಮರೆತೇ ಹೋಗಿತ್ತು. ಅಕ್ಕನ ಡಬ್ಬಿಯ ಮುಚ್ಚಳದ ಮೇಲೆ ಮಾತ್ರ ಗಂಡನ ಹೆಸರೂ ಗಣಿಯ ನಂಬರೂ ಕೊರೆದಿದ್ದವು. ಅದು ಬಂದ ರಾತ್ರಿ ನಮ್ಮಮ್ಮ ಅದನ್ನು ಅಡುಗೆಮನೆಗೆ ಸೇರಿಸುತ್ತಿರಲಿಲ್ಲ. ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕುತ್ತಿದ್ದಳು. ಲೈನು ಮನೆಯವರ ಡಬ್ಬಿ, ಯಾವ ಜಾತಿಯೋ ಏನೋ ಎಂದು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೆಳಿಗ್ಗೆ ಅಲ್ಲಿಂದಲೇ ತೆಗೆದು ತೊಳೆದು ತುಂಬಿಕೊಂಡು ಹೋಗುತ್ತಿದ್ದೆ.

ನಾನು ಕೆಲಸಕ್ಕೆ ಸೇರಿ ಐದನೆಯ ತಿಂಗಳು. ಕೊಟ್ಟಿಗೆಯಲ್ಲಿ ಅಮ್ಮ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಬಂಗಾರಪೇಟೆಯಲ್ಲಿ ಪ್ಲಾಸ್ಟರ್ ಹಾಕಿದರು. ಆರು ವಾರ ಕೈ ಆಡಿಸಬಾರದೆಂದರು.

ಬೆಳಿಗ್ಗೆ ಹಾಲು ಕರೆದು ಸೊಸೈಟಿಗೆ ಹಾಕುವ ಹೊತ್ತೂ ನನ್ನ ಗಾಡಿಯ ಹೊತ್ತೂ ಒಂದೇ. ತ್ರೀ ಫೇಸ್ ಕರೆಂಟು ಬರುವುದೂ ಆಗಲೇ ಆದ್ದರಿಂದ ಅಪ್ಪ ಬೋರ್‌ವೆಲ್ ಹತ್ತಿರ ಇರುತ್ತಿದ್ದರು. ಅಣ್ಣ ಎರಡು ವರ್ಷಗಳಿಂದ ಪೊಲೀಸ್ ಪರೀಕ್ಷೆಗೆ ತಯಾರಿ ನಡೆಸಿದ್ದ. ಆ ಹೊತ್ತಿಗೆ ಶಾಲೆಯ ಮೈದಾನದಲ್ಲಿ ಓಡುತ್ತಿದ್ದ. ಮನೆಯಲ್ಲಿ ಯಾರೂ ನನಗೆ ಕೆಲಸ ಬಿಡು ಎಂದು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಹಾಲಿನ ಕ್ಯಾನನ್ನು ತೊಳೆದು ನನ್ನ ಮುಂದೆ ಇಟ್ಟು ತೋಟಕ್ಕೆ ಹೋದರು, ಅಷ್ಟೆ. ನಾನು ಹಾಲು ಕರೆದೆ. ಅಕ್ಕನಿಗೆ 'ಇವತ್ತು ಬರಲ್ಲ, ಅಮ್ಮನಿಗೆ ಕೈ ಮುರಿದಿದೆ' ಎಂದು ಮೆಸೇಜು ಕಳಿಸಿದೆ. ಎರಡನೆಯ ದಿನ ಅದನ್ನೂ ಕಳಿಸಲಿಲ್ಲ. ನನ್ನ ಕಾರ್ಖಾನೆಯಲ್ಲಿ ಹೊಸಬರು ವಾರ ಪೂರ್ತಿ ತಪ್ಪಿಸಿಕೊಂಡರೆ ಹೆಸರು ಹೊಡೆದುಹಾಕುತ್ತಿದ್ದರು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ದಿನಚರಿಯ ಆ ಮೂರು ಪುಟಗಳಲ್ಲಿ ಹಾಲಿನ ಅಳತೆ ಬಿಟ್ಟರೆ ಬೇರೇನೂ ಇಲ್ಲ.

ಮೂರನೆಯ ದಿನ ಗುರುವಾರ. ಸಂಜೆ ಊರ ಬಾಗಿಲಲ್ಲಿ ಶೇರ್ ಆಟೋ ನಿಂತಿತು. ಅಕ್ಕ ಇಳಿದು, ಯಾರನ್ನೋ ದಾರಿ ಕೇಳಿಕೊಂಡು, ನೇರ ನಮ್ಮ ಜಗಲಿಗೆ ಬಂದು ಕುಳಿತರು. ಅಪ್ಪ, ಅಮ್ಮ, ಅಣ್ಣ ಮೂವರೂ ಮನೆಯಲ್ಲೇ ಇದ್ದರು.

"ನಾನು ಇವಳ್ ಗಾಡಿ ಜೋಡಿ," ಎಂದು ತಾವೇ ಪರಿಚಯ ಹೇಳಿಕೊಂಡರು. ನನ್ನ ಕಡೆ ತಿರುಗಿ, "ಮೂರ್ ದಿನದಿಂದ ನನ್ ಅಡ್ಗೆ ನಾನೇ ತಿಂತಾ ಇವ್ನಿ ಕಣೇ! ಯಾವ್ ಜನ್ಮದ್ ಸಿಟ್ಟು ಅಂತ ಈ ಸಿಕ್ಸೆ ಕೊಟ್ಟೆ?" ಎಂದರು.

ಅಣ್ಣನಿಗೆ ನಗು ತಡೆಯಲಾಗಲಿಲ್ಲ. ನನಗೆ ಅಳು ಬಂತು.

"ಅಳೋದೆಲ್ಲಾ ಆಮೇಲೆ. ನನ್ ಡಬ್ಬಿ ಕೊಡು. ಕೆಲ್ಸ ಬುಡ್ತೀಯೋ ಇರ್ತೀಯೋ ನಿನ್ನಿಷ್ಟ, ಡಬ್ಬಿ ನನ್ ಗಂಡಂದು."

ನಾನು ಏಳುವ ಮೊದಲೇ ಅವರು ಎದ್ದು ಮನೆಯ ಪಕ್ಕದಿಂದ ಹಿತ್ತಲ ಕಡೆ ನೋಡಿದ್ದರು. ಡಬ್ಬಿ ಒಗೆಯುವ ಕಲ್ಲಿನ ಮೇಲೆ ಬೋರಲಾಗಿತ್ತು. ಮೂರು ದಿನದ ಧೂಳು. ಅಮ್ಮ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಅಕ್ಕ ತೊಟ್ಟಿಯ ನೀರಿನಿಂದ ಡಬ್ಬಿಯನ್ನು ತಾವೇ ತೊಳೆದು, ಒರೆಸಿ, ಅಮ್ಮನ ಎಡಗೈಗೆ ಕೊಟ್ಟರು.

"ಟೀ ಕೊಡೋದಾದ್ರೆ ಇದ್ರಲ್ಲೇ ಕೊಡಮ್ಮ. ಲೋಟ ತೊಳ್ಯೋ ಕೆಲ್ಸ ಉಳೀತದೆ. ನಿನ್ ಕೈ ಬೇರೆ ಮುರ್ದೈತೆ."

ಅಮ್ಮ ಡಬ್ಬಿ ಹಿಡಿದು ಒಳಗೆ ಹೋದಳು.

ಅಕ್ಕ ಮತ್ತೆ ಜಗಲಿಯಲ್ಲಿ ಕುಳಿತು ಅಪ್ಪನನ್ನು ಕೇಳಿದರು: "ಯಜಮಾನ್ರೆ, ಈ ಮನೇಲಿ ದುಡಿಯೋ ವಯಸ್ನೋರು ಎಷ್ಟ್ ಜನ?"

ಅಪ್ಪ ಸ್ವಲ್ಪ ಯೋಚಿಸಿದರು. "ನಾನೊಬ್ಬ. ಮಗ ಒಬ್ಬ, ಅವ್ನಿಗಿನ್ನೂ ಕೆಲ್ಸ ಆಗ್ಬೇಕು. ಇಬ್ರು ಅನ್ಕೊಳ್ಳಿ."

"ಆಲು ಕರ್ಯೋಳು? ಸಂಬ್ಳ ತರೋಳು?"

ಅಪ್ಪ ಒಳಬಾಗಿಲ ಕಡೆ ನೋಡಿದರು.

"ನಾಕ್ ಜನ," ಎಂದು ಅಕ್ಕ ತಾವೇ ಹೇಳಿದರು. "ಎಂಟ್ ಕೈ. ಒಂದ್ ಕೈ ಮುರೀತು. ಬಾಕಿ ಏಳ್ ಕೈ ಅವೆ. ಆ ಏಳ್ರಲ್ಲಿ ಸಂಬ್ಳಕ್ಕೆ ಓಗೋವು ಎರಡೇ ಎರಡು. ಅವನ್ನೇ ಕಿತ್ಕೊಂಡ್ ಬಂದು ಕೆಚ್ಚಲಿಗೆ ಆಕಿದೀರಲ್ಲ, ಇದ್ಯಾವ್ ಲೆಕ್ಕ ಸಾಮಿ?"

"ಅವ್ನು ಓದ್ಕೊಂತಾವ್ನೆ," ಎಂದಳು ಒಳಗಿನಿಂದ ಅಮ್ಮ.

ಅಕ್ಕ ಅಣ್ಣನ ಕಡೆ ತಿರುಗಿದರು. "ಏನ್ಲಾ ಮಗ, ಬೆಳಿಗ್ಗೆ ಓದ್ತೀಯಾ?"

"ಇಲ್ಲ, ಓಡ್ತೀನಿ," ಎಂದ ಅಣ್ಣ.

"ಯಾರಾದ್ರೂ ಅಟ್ಟಿಸ್ಕೊಂಡ್ ಬತ್ತಾರಾ?"

ಈ ಸಲ ಅಪ್ಪನೂ ನಕ್ಕರು. ಅಣ್ಣ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ, "ನನ್ನ ಯಾರೂ ಕೇಳ್ಲಿಲ್ಲ," ಎಂದ.

ಅಕ್ಕ ಅಣ್ಣನನ್ನೇ ನೋಡುತ್ತ ಅವನ ಅಂಗಿಯ ತೋಳನ್ನು ಎಳೆದು, ಅಂಗೈಯಿಂದ ಸುಕ್ಕು ಒತ್ತಿದರು. ಆಗ ಅವರಿಗೆ ಯಾರು ನೆನಪಾಗಿದ್ದರೆಂದು ನನಗೆ ಮಾತ್ರ ಗೊತ್ತಿತ್ತು.

"ನಾನು ಕೇಳ್ತಾ ಇವ್ನಿ," ಎಂದರು. "ಆರ್ ವಾರ. ಆಲು ಕರ್ದು ಸೊಸೈಟಿಗೆ ಆಕ್ತೀಯಾ? ನಿನ್ ತಂಗಿ ಗಾಡಿಗೆ ಓಗ್ಲಿ."

"ನಂಗೆ ಕರ್ಯೋಕೆ ಬರಲ್ಲ."

"ನಂಗೆ ಸಾರು ಮಾಡೋಕೆ ಬರಲ್ಲ. ಅದ್ಕೇನೀಗ? ಮಾಡ್ತಿಲ್ವಾ?"

ಅಮ್ಮ ಟೀ ತಂದಳು. ಅಕ್ಕನ ಡಬ್ಬಿಯಲ್ಲೇ ತಂದಿದ್ದಳು. ಹಿಡಿ ಬಿಸಿಯಾಗಿತ್ತೆಂದು ತನ್ನ ಸೆರಗಿನಲ್ಲಿ ಹಿಡಿದಿದ್ದಳು. ಅಕ್ಕ ಊದಿ ಊದಿ ಕುಡಿದರು. ಹೊರಡುವಾಗ ಖಾಲಿ ಡಬ್ಬಿಯನ್ನು ತೆಗೆದುಕೊಂಡು ಹೋಗಲಿಲ್ಲ. "ನಾಳೆ ತುಂಬ್ಕೊಂಡು ನೀನೇ ತಾ. ಉಪ್ಪು ಆಕಿರು," ಎಂದು ನನಗೆ ಹೇಳಿ ಆಟೋ ಹತ್ತಿದರು.

ಶುಕ್ರವಾರ ಬೆಳಿಗ್ಗೆ ಅಣ್ಣ ಕೊಟ್ಟಿಗೆಗೆ ಹೋದ. ಅಮ್ಮ ಬಾಗಿಲಲ್ಲಿ ನಿಂತು ಹೇಳಿಕೊಡುತ್ತಿದ್ದಳು. ಮೊದಲ ಹಸು ಅವನನ್ನು ಒದೆಯಿತು. ಎರಡನೆಯದು ಹಾಲು ಬಿಡದೆ ಏರಿಸಿಕೊಂಡಿತು. ಕ್ಯಾನಿನ ತಳ ಮುಚ್ಚುವಷ್ಟೂ ಹಾಲಿರಲಿಲ್ಲ. ನಾನು ಚೀಲ ಕೆಳಗಿಟ್ಟು ನಿಂತೆ. ಅಪ್ಪ ಅಂದು ಬೋರ್‌ವೆಲ್ ಬಿಟ್ಟು ಬೇಗ ಬಂದಿದ್ದರು. ಕ್ಯಾನು ನೋಡಿದರು, ನನ್ನನ್ನು ನೋಡಿದರು. ಮತ್ತೆ ಅದನ್ನು ನನ್ನ ಮುಂದೆ ಇಡುತ್ತಾರೆ ಎಂದುಕೊಂಡೆ. ಅವರು ಬೈಕಿನ ಬೀಗದ ಕೈ ತೆಗೆದುಕೊಂಡು, "ಬಾ, ಗಾಡಿ ತಪ್ತದೆ," ಎಂದರು.

ಅಂದು ಬೋಗಿಯಲ್ಲಿ ಅಕ್ಕ ಡಬ್ಬಿ ತೆಗೆದುಕೊಂಡು ತೂಕ ನೋಡಿದರು. "ಜಾಸ್ತಿನೇ ತುಂಬವ್ಳೆ ನಿಮ್ಮಮ್ಮ," ಎಂದರು. ಅಮ್ಮ ಎಡಗೈಯಲ್ಲಿ ಕಲಸಿದ ಚಿತ್ರಾನ್ನ ಅದು.

ಎರಡನೆಯ ವಾರದ ಹೊತ್ತಿಗೆ ಹಾಲು ಹಳೆಯ ಅಳತೆಗೆ ಬಂತು. ಆರು ವಾರ ಕಳೆದ ಮೇಲೂ ಅಣ್ಣ ಬೆಳಗಿನ ಹಾಲು ಬಿಡಲಿಲ್ಲ. ಓಟವನ್ನು ಸಂಜೆಗೆ ಹಾಕಿಕೊಂಡ. ಪರೀಕ್ಷೆ ಇನ್ನೂ ಬರೆಯುತ್ತಿದ್ದಾನೆ. ಜೊತೆಗೆ ಮೂರನೆಯ ಹಸು ತಂದಿದ್ದಾನೆ. ಅಕ್ಕನ ಡಬ್ಬಿ ಮಾತ್ರ ಆ ಗುರುವಾರದ ನಂತರ ಕಲ್ಲಿನ ಮೇಲೆ ಕಾಣಲಿಲ್ಲ. ಅಮ್ಮ ಅದನ್ನು ಉಪ್ಪಿನ ಜಾಡಿಯ ಪಕ್ಕ ಇಡುತ್ತಿದ್ದಳು.

ಐವತ್ತೆಂಟು ತುಂಬಿದಾಗ ಕಾರ್ಖಾನೆಯವರು ಅಕ್ಕನಿಗೆ ಶಾಲು ಹೊದಿಸಿ ಕಳಿಸಿದರು. ಅಂದು ಸಂಜೆ ಅವರು ನಮ್ಮ ಗಾಡಿಯಲ್ಲೇ ಬಂದರು. ಶಾಲನ್ನು ಮಡಚಿ ನೆಲಕ್ಕೆ ಹಾಸಿಕೊಂಡು ಅದರ ಮೇಲೆ ಕುಳಿತಿದ್ದರು.

"ಇನ್ಮೇಲೆ ಆರಾಮ ಅಕ್ಕ," ಎಂದೆ.

"ದುಡಿಯೋ ವಯಸ್ಸು ಮುಗೀತು ಅಂತ ಅವ್ರ್ ಏಳ್ಬುಟ್ರೆ ಆಯ್ತಾ? ನನ್ ಕೈ ನನ್ ಅತ್ರನೇ ಐತಲ್ಲ."

ಮುಂದಿನ ಸೋಮವಾರದಿಂದ ಅವರು ಊರಿಗಾಂ ಸ್ಟೇಷನ್ನಿನಲ್ಲಿ ನಿಲ್ಲತೊಡಗಿದರು ಎಂದು ಅಲ್ಲಿ ಹತ್ತುವವರು ಬಂದು ಹೇಳಿದರು. ಕೂಸುಗಳಿರುವ ಹೆಂಗಸರು ಪ್ಲಾಟ್‌ಫಾರಮ್ಮಿನಲ್ಲೇ ಮಕ್ಕಳನ್ನು ಅವರ ಕೈಗೆ ಕೊಟ್ಟು ಗಾಡಿ ಹತ್ತುತ್ತಿದ್ದರು. ಮಗುವಾಯಿತೆಂದು ಕೆಲಸ ಬಿಟ್ಟಿದ್ದ ಮೂವರು ಹೀಗೆ ಮತ್ತೆ ಬೋಗಿಗೆ ಬಂದರು. ನನಗೆ ಹೊಸ ಜೋಡಿಯನ್ನು ಕಳಿಸಿದವರೂ ಅಕ್ಕನೇ. ಅವರ ಪಕ್ಕದ ಮನೆಯ ಸೆಲ್ವಿ. ಅಕ್ಕ ತೀರಿಕೊಂಡಾಗ ಅವಳು ಕಾರ್ಖಾನೆಗೆ ಸೇರಿ ಇನ್ನೂ ಮೂರು ವಾರ. ಅಕ್ಕನ ಡಬ್ಬಿಯೂ ಅವಳ ಜೊತೆ ಬಂತು.

ಹೋದ ತಿಂಗಳು ಒಂದು ಮಂಗಳವಾರ ಸಂಜೆ ಸೆಲ್ವಿಯ ಫೋನು ಬಂತು. ಅಕ್ಕ ಮಧ್ಯಾಹ್ನ ಮಕ್ಕಳನ್ನು ಮಲಗಿಸಿ ತಾವೂ ಪಕ್ಕದಲ್ಲಿ ಮಲಗಿದವರು ಏಳಲಿಲ್ಲ.

ಮಣ್ಣು ಬುಧವಾರ ಬೆಳಿಗ್ಗೆ ಎಂದು ಗೊತ್ತಾಯಿತು. ರಾತ್ರಿ ಬೋಗಿಯ ಗುಂಪಿನಲ್ಲಿ ಮೆಸೇಜುಗಳು ಬಂದವು. ಮೊದಲು ಎಲ್ಲರೂ ರಜೆ ಹಾಕುವ ಮಾತಾಯಿತು. ಆಮೇಲೆ ಹಳಬಳೊಬ್ಬಳು ಬರೆದಳು: 'ಎಲ್ರೂ ರಜಾ ಹಾಕಿದ್ರೆ ಅಕ್ಕ ಎದ್ದು ಬಂದು ಬೈತಾಳೆ. ಜೋಡೀಲಿ ಒಬ್ರು ಬನ್ನಿ, ಒಬ್ರು ಕೆಲ್ಸಕ್ಕೆ ಹೋಗಿ.' ಹಾಗೇ ಆಯಿತು. ಸೆಲ್ವಿಗೆ ಹೊಸ ಕೆಲಸ, ತಪ್ಪಿಸಿದರೆ ಹೋಗುತ್ತದೆ. ಅವಳು ಅತ್ತುಕೊಂಡೇ ಒಪ್ಪಿದಳು. ಬೆಳಿಗ್ಗೆ ಬಂಗಾರಪೇಟೆಯಲ್ಲಿ ಗಾಡಿ ನಿಂತಾಗ ನಾನು ಪ್ಲಾಟ್‌ಫಾರಮ್ಮಿನಿಂದ ಡಬ್ಬಿ ಕೊಟ್ಟೆ, ಅವಳು ಬಾಗಿಲಿನಿಂದ ಡಬ್ಬಿ ಕೊಟ್ಟಳು. ಆ ಗಾಡಿ ಬೆಂಗಳೂರಿನ ಕಡೆ ಹೋಯಿತು. ನಾನೂ ಅಮ್ಮನೂ ಊರಿಗಾಂ ಕಡೆಯ ಬಸ್ಸು ಹತ್ತಿದೆವು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಅಮ್ಮ ದೊಡ್ಡ ಪಾತ್ರೆಯಲ್ಲಿ ಅನ್ನ, ಹುಳಿ ತಂದಿದ್ದಳು.

ಮಣ್ಣು ಮಾಡಿ ಬಂದ ಮೇಲೆ ಲೈನು ಮನೆಯ ಮುಂದೆ ಅಕ್ಕನ ಮಕ್ಕಳ ಜೊತೆ ಎಲ್ಲರೂ ಕುಳಿತಿದ್ದೆವು. ಕುಪ್ಪಂನಿಂದ ಬಂದಿದ್ದ ಅಕ್ಕನ ತಮ್ಮ ಸುತ್ತ ನೋಡಿ, "ಅಷ್ಟು ವರ್ಸ ಗಾಡೀಲಿ ಓಡಾಡಿದ್ಳು ನಮ್ಮಕ್ಕ. ಇಷ್ಟೇ ಜನಾನಾ ಬಂದಿರೋದು?" ಎಂದ. ಸಿಟ್ಟೂ ಇತ್ತು, ದುಃಖವೂ ಇತ್ತು.

ಮೆಸೇಜು ಬರೆದಿದ್ದ ಹಳಬಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅರ್ಧ ಬಂದಿದೀವಿ ಅಣ್ಣ. ಇನ್ನರ್ಧ ಕೆಲ್ಸಕ್ಕೆ ಓಗವ್ರೆ. ನಿಮ್ಮಕ್ಕ ಇದ್ದಿದ್ರೆ ನಮ್ಮನ್ನೂ ಓಗಿ ಅಂತಿದ್ಲು."

ಸ್ವಲ್ಪ ಹೊತ್ತಿನ ಮೇಲೆ ಒಂದು ಕೂಸು ಅಳತೊಡಗಿತು. ಅದರ ತಾಯಿ ವೈಟ್‌ಫೀಲ್ಡಿನಲ್ಲಿದ್ದಳು. ಎತ್ತಿಕೊಳ್ಳಲು ಯಾರು ಏಳುತ್ತಾರೆಂದು ನಾವು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ನಮ್ಮಮ್ಮ ಎದ್ದಿದ್ದಳು. ಮುರಿದು ಕೂಡಿದ ಕೈಯಲ್ಲೇ ಅದನ್ನು ಎತ್ತಿ ಭುಜಕ್ಕೆ ಹಾಕಿಕೊಂಡಳು.

ಮಧ್ಯಾಹ್ನ ನಾನು ಸೆಲ್ವಿ ಕೊಟ್ಟ ಡಬ್ಬಿ ತೆರೆದೆ. ಮುಚ್ಚಳದ ಮೇಲೆ ಗಣಿಯ ನಂಬರು. ಪೂರ್ತಿ ತಿಂದು, ತೊಳೆದಿಟ್ಟೆ.

ಸಂಜೆಯ ಗಾಡಿಯಲ್ಲಿ ಇನ್ನರ್ಧ ಜನ ಬಂದಿಳಿದರು. ಸೆಲ್ವಿ ಸ್ಟೇಷನ್ನಿನಿಂದ ಓಡುತ್ತಲೇ ಬಂದಳು. ಅಕ್ಕ ಮಲಗುತ್ತಿದ್ದ ಚಾಪೆಯ ಹತ್ತಿರ ಬಹಳ ಹೊತ್ತು ನಿಂತಿದ್ದು, ಹೊರಗೆ ಬಂದು ನನ್ನ ಪಕ್ಕ ಕುಳಿತಳು.

"ಊಟ ಮಾಡಿದ್ರಾ?" ಎಂದಳು.

"ಮಾಡ್ದೆ. ಉಪ್ಪಿರ್ಲಿಲ್ಲ."

"ಅಡ್ಗೆ ಅಕ್ಕನೇ ಏಳ್ಕೊಟ್ಟಿದ್ದು," ಎಂದಳು. ನಗುವುದೋ ಅಳುವುದೋ ಇಬ್ಬರಿಗೂ ತಿಳಿಯಲಿಲ್ಲ. ಮುಖ ಒರೆಸಿಕೊಂಡು ಮತ್ತೆ ಕೇಳಿದಳು: "ನಾಳೆ ಗಾಡಿಗೆ ಬತ್ತೀರಾ?"

"ಬತ್ತೀನಿ," ಎಂದೆ.